ಊಟಕ್ಕೆ ಬಂದವರ ಓಟು

ಮಸ್ಕತ್ತಿನ ನಮ್ಮ ಕನ್ನಡ ಕೂಟದಲ್ಲಿ ಎರಡು ಪಂಗಡ ಇತ್ತು. ಬಾಯಿ ಬಿಟ್ಟು ಯಾರೂ ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಕರಾವಳಿಯವರದ್ದು, ಅಂದರೆ ನಮ್ಮದು, ಒಂದು, ಮೈಸೂರು-ಬೆಂಗಳೂರು ಕಡೆಯವರದ್ದು ಇನ್ನೊಂದು. ಅಧ್ಯಕ್ಷರ ಚುನಾವಣೆಗೆ ಮೊದಲು ಪ್ರತಿಯೊಂದು ಪಂಗಡವೂ ಒಂದು ಶುಕ್ರವಾರ ಯಾರದ್ದಾದರೂ ಮನೆಯಲ್ಲಿ ಊಟಕ್ಕೆ ಸೇರಿ, ನಮ್ಮ ಕಡೆಯಿಂದ ಯಾರು ನಿಲ್ಲಬೇಕು ಎಂದು ಕೈ ಎತ್ತಿ ತೀರ್ಮಾನಿಸುವುದು ಪದ್ಧತಿ. ಊಟಕ್ಕೆ ಕೂತವರೆಲ್ಲ ಕೈ ಎತ್ತಬಹುದು. ನೀವು ಯಾವ ಪಂಗಡ ಎಂದು ಕೇಳುವ ಕ್ರಮ ಇರಲಿಲ್ಲ. ಉಂಡು ಎದ್ದವರ ಹತ್ತಿರ ಹಾಗೆಲ್ಲ ಕೇಳಲಿಕ್ಕಾಗ್ತದಾ ಮಾರಾಯ್ರೆ? ನಮ್ಮ ಮರ್ಯಾದೆ ಅದು. ಆ ಮರ್ಯಾದೆಯೇ ನಮ್ಮನ್ನು ಮಂಗ ಮಾಡಿತು.

ಆಗ ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಮ್ರಿಯಾದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಚಾಪೆ ಹಾಸಿ ಶುಕ್ರವಾರ ಬೆಳಿಗ್ಗೆ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು. ಒಬ್ಬ ನೀರು ಬೇಕು ಅನ್ನುತ್ತಾನೆ, ಇನ್ನೊಬ್ಬಳು ಪೆನ್ಸಿಲಿನಿಂದ ಪಕ್ಕದವಳಿಗೆ ಚುಚ್ಚುತ್ತಾಳೆ, ಗಲಾಟೆ ಕೇಳಬೇಡಿ. ಕೆಳಗಿನ ಮನೆಯವರು ದೂರು ಕೊಟ್ಟರು. ಬಿಲ್ಡಿಂಗ್ ವಾಚ್‌ಮನ್ ಮೇಲೆ ಬಂದು, “ಮೇಡಂ, ಮಾಲೀಕರು ಹೇಳಿದ್ದಾರೆ, ಈ ತಿಂಗಳು ಕಳೆದರೆ ಕ್ಲಾಸ್ ಖಲಾಸ್” ಎಂದು ಹಿಂದಿಯಲ್ಲಿ ಹೇಳಿಹೋದ.

ಕೂಟಕ್ಕೆ ವಾದಿ ಕಬೀರಿನಲ್ಲಿ ಬಾಡಿಗೆಯ ಸಭಾಂಗಣ ಇತ್ತು. ಶುಕ್ರವಾರ ಬೆಳಿಗ್ಗೆ ಅದನ್ನು ಕೊಟ್ಟರೆ ನನ್ನ ತರಗತಿ ಉಳಿಯುತ್ತಿತ್ತು. ಆದರೆ ಆ ಹೊತ್ತಿಗೆ ಆಗಿನ ಅಧ್ಯಕ್ಷರ, ಅಂದರೆ ಮೈಸೂರು ಕಡೆಯವರ, ಆರ್ಕೆಸ್ಟ್ರಾ ಪ್ರಾಕ್ಟೀಸ್. ನಮ್ಮವರನ್ನು ಕೇಳಿದರೆ ವರ್ಷಗಟ್ಟಲೆ ಒಂದೇ ಉತ್ತರ: “ನೋಡುವ.” ನೋಡಿ ನೋಡಿ ನನಗೆ ಸಾಕಾಗಿತ್ತು. ಅಧ್ಯಕ್ಷೆಯಾಗಿ ನಾನೇ ನಿಲ್ಲುತ್ತೇನೆ ಎಂದುಬಿಟ್ಟೆ. ಇವರು, ನನ್ನ ಗಂಡ, ಊಟ ಮಾಡುತ್ತಿದ್ದವರು ತಲೆ ಎತ್ತಿ ನೋಡಿ ಮತ್ತೆ ಅನ್ನ ಕಲಸಿದರು.

ನಮ್ಮ ಕಡೆಯಿಂದ ನಿಲ್ಲಬೇಕೆಂದಿದ್ದ ಇನ್ನೊಬ್ಬರು ಎಲ್ಲರೂ ಅಣ್ಣ ಎಂದು ಕರೆಯುವ ಹಿರಿಯರು. ಒಂದು ಕಂಪೆನಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದವರು. ಯಾರಿಗೆ ಆಸ್ಪತ್ರೆ, ಯಾರ ಕಫೀಲನ, ಅಂದರೆ ವೀಸಾ ಕೊಟ್ಟ ಅರಬಿ ಧಣಿಯ, ಹತ್ತಿರ ಮಾತಾಡಬೇಕು ಎಲ್ಲದಕ್ಕೂ ಅವರೇ. ಎರಡೂ ಪಂಗಡದಲ್ಲಿ ಅವರ ಉಪಕಾರ ಪಡೆಯದ ಮನೆಯಿರಲಿಲ್ಲ. ನಾನೋ, ಮಕ್ಕಳ ಹತ್ತಿರ ಕನ್ನಡ ಮಾತಾಡಿ ಎಂದು ಎರಡೂ ಪಂಗಡದ ಅರ್ಧ ಜನರಿಗೆ ಬೈದವಳು.

ಊಟದ ದಿನ ನಮ್ಮ ಮನೆ ತುಂಬಿಹೋಯಿತು. ಪಕ್ಕದ ಫ್ಲ್ಯಾಟಿನ ಮೈಸೂರಿನವರೂ ಬಂದರು. ಅವರ ಮಗಳು ನನ್ನ ತರಗತಿಯವಳು. ಆ ಮನೆಯಾಕೆ ತನ್ನ ಗಂಡನನ್ನೂ, ಅವರ ನಾಲ್ಕಾರು ಸ್ನೇಹಿತರನ್ನೂ ಕರೆದುಕೊಂಡು ಬಂದಿದ್ದರು. “ನಿಮ್ಮಂಥೋರು ಬರ್ಬೇಕು ಕಣ್ರೀ, ಅದಕ್ಕೇ ಬಂದ್ವಿ” ಎಂದು ನನ್ನ ಕೈ ಹಿಡಿದುಕೊಂಡರು. ನನಗೆ ಕಣ್ಣು ತುಂಬಿ ಬಂತು. ಮಕ್ಕಳ ವಿಷಯ ಬಂದರೆ ಪಂಗಡ ಗಿಂಗಡ ಏನೂ ಇಲ್ಲ ಎಂದುಕೊಂಡು ಒತ್ತಾಯ ಮಾಡಿ ಬಡಿಸಿದೆ.

ಕೈ ಎತ್ತುವಾಗ ನಿಲ್ಲುವವರು ಎದುರಿಗಿರಬಾರದು. ಅಣ್ಣನೂ ನಾನೂ ಅಡುಗೆಮನೆಗೆ ಹೋದೆವು. ಅವರು ಪಾಯಸದ ಪಾತ್ರೆಗೆ ಸೌಟು ಹಾಕಿ ತಿರುವುತ್ತಾ, “ನಮ್ಮಿಬ್ಬರಲ್ಲಿ ಯಾರು ಬಂದರೂ ನಿನ್ನ ಕ್ಲಾಸಿನ ಮಕ್ಕಳಿಗೆ ಜಾಗ ಸಿಗ್ತದೆ ತಂಗಿ” ಎಂದರು. ಇದೂ ಒಂದು “ನೋಡುವ” ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹೊರಗಿನಿಂದ ಚಪ್ಪಾಳೆ ಕೇಳಿಸಿತು, ನನ್ನ ಹೆಸರು ಕೂಗಿದರು. ಅಣ್ಣ ಸೌಟನ್ನು ನನ್ನ ಕೈಗೆ ಕೊಟ್ಟು ನಕ್ಕರು. ಎಂಥ ಖುಷಿ ನನಗೆ!

ಒಂದು ವಾರ ಆ ಖುಷಿ ಇತ್ತು. ಇವರು ಘಾಲಾದ ಗೋದಾಮಿಗೆ ಕೆಲಸಕ್ಕೆ ಹೋಗುತ್ತಿದ್ದದ್ದು ಪಕ್ಕದ ಮನೆಯವರ ಕಾರಿನಲ್ಲಿ, ನಾಲ್ಕು ಜನ ಸೇರಿ. ಒಂದು ಸಂಜೆ ಇವರು ಬಂದವರು ಶೂ ಕೂಡ ಬಿಚ್ಚದೆ ಕೂತರು. ಕಾರಿನಲ್ಲಿ ಆ ಪಕ್ಕದ ಮನೆಯವರು ನಗಾಡುತ್ತಾ ಹೇಳಿದರಂತೆ, “ನಿಮ್ಮನೆಯವ್ರನ್ನ ಗೆಲ್ಸಿದ್ದು ನಾವೇ ಸ್ವಾಮಿ. ಅಣ್ಣ ನಿಂತಿದ್ರೆ ನಮ್ಗೆ ಕಷ್ಟ ಆಗ್ತಿತ್ತು.”

ಹರಕೆಯ ಕುರಿ ನಾನು! ಪಾಯಸ ಬಡಿಸಿ ಬಡಿಸಿ ಕೊಬ್ಬಿಸಿದ್ದು ಯಾರನ್ನು? ಬಾಯಿಗೆ ಬಂದಷ್ಟು ಬೈದೆ. ಬೈದು ಸುಸ್ತಾದ ಮೇಲೆ ಇವರನ್ನು ಕೇಳಿದೆ, “ನೀವು ಯಾರಿಗೆ ಎತ್ತಿದಿರಿ?”

“ಅಣ್ಣನಿಗೆ” ಎಂದರು, ತುಳುವಿನಲ್ಲೇ, ಮೆಲ್ಲಗೆ. “ಅವರು ನಿಂತರೆ ನಿನ್ನ ಕ್ಲಾಸು ಉಳೀತದೆ ಅಂತ.”

ನನ್ನನ್ನು ಸೋಲಿಸಬೇಕೆಂದವರು ನನಗೆ ಕೈ ಎತ್ತಿದ್ದರು, ನನ್ನ ಕೆಲಸ ಉಳಿಯಲಿ ಎಂದವರು ಎತ್ತಿರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ತುಂಬ ದಣಿವಾಯಿತು.

ಮರುದಿನವೇ ಅಣ್ಣನ ಮನೆಗೆ ಹೋಗಿ, ನಾನು ಹಿಂದೆ ಸರಿಯುತ್ತೇನೆ, ನೀವು ನಿಲ್ಲಿ ಎಂದೆ. ಅವರು ಒಪ್ಪಲಿಲ್ಲ. “ಹಾಗೆ ಮಾಡಿದರೆ, ಊಟಕ್ಕೆ ಕರೆದು ಅವರ ಕೈಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಅಂತ ಆಗ್ತದೆ. ಅದು ನಮ್ಮಿಂದಾಗುವುದಾ? ಬೇಡ ತಂಗಿ.” ಅವರಿಗೂ ನೋವಾಗಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ಮರ್ಯಾದೆ ಬಿಡಲಿಕ್ಕೆ ತಯಾರಿಲ್ಲ. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಚುನಾವಣೆಗೆ ನಿಂತೆ, ಸೋತೆ. ಆರ್ಕೆಸ್ಟ್ರಾ ಮುಂದುವರಿಯಿತು. ತಿಂಗಳು ಕಳೆಯಿತು, ವಾಚ್‌ಮನ್ ಇನ್ನೊಮ್ಮೆ ಬಂದ, ನಾನು ಚಾಪೆ ಸುತ್ತಿ ಕಪಾಟಿನ ಮೇಲಿಟ್ಟೆ. ಮಕ್ಕಳಿಗೇನು, ಶುಕ್ರವಾರ ಹೊತ್ತಾಗಿ ಏಳಬಹುದಲ್ಲ ಎಂದು ಖುಷಿಯೇ ಆಗಿರಬೇಕು.

ಅದಾಗಿ ಎರಡೋ ಮೂರೋ ವಾರಕ್ಕೆ ಪಕ್ಕದ ಮನೆಯಾಕೆ ಬಾಗಿಲು ತಟ್ಟಿದರು. ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ಮಗಳು ಹಿಂದೆ ನಿಂತಿದ್ದಳು.

“ಬೇಜಾರ್ ಮಾಡ್ಕೋಬೇಡಿ ಕಣ್ರೀ. ನಮ್ಮನೆಯವ್ರು ಹೇಳಿದ್ರು, ಕೈ ಎತ್ತಿದೆ. ಅದು ಅವ್ರವ್ರ ರಾಜಕೀಯ, ನಮ್ಗೇನ್ ಗೊತ್ತಾಗತ್ತೆ” ಎಂದರು. ಆಮೇಲೆ ಮಗಳನ್ನು ಮುಂದೆ ಎಳೆದು, “ಇವಳಿಗೆ ಅಜ್ಜಿ ಕಾಗದ ಬರೀತಾರೆ, ಓದಕ್ಕೆ ಬರಲ್ಲ. ಒಬ್ಬಳೇ ಬಂದು ಹೇಳಿಸ್ಕೊಂಡ್ರೆ ಗಲಾಟೆ ಇರಲ್ಲ ಅಲ್ವಾ? ಕೆಳಗಿನವ್ರೂ ಏನೂ ಅನ್ನಲ್ಲ” ಎಂದರು.

ನಾನು ಡಬ್ಬಿಯನ್ನೇ ನೋಡುತ್ತಾ ನಿಂತೆ. ಇಷ್ಟೂ ಮಕ್ಕಳ ಪಾಠ ನಿಲ್ಲಿಸಿ ತನ್ನ ಮಗಳೊಬ್ಬಳಿಗೆ ಕೇಳಲಿಕ್ಕೆ ಬಂದಿದ್ದಾಳಲ್ಲ ಈ ಹೆಂಗಸು, ನಾಚಿಕೆ ಬೇಡವಾ? ಹಾಗೆಯೇ ಕೇಳಬೇಕೆಂದು ಬಾಯಿ ತೆರೆದೆ. ಆ ಹುಡುಗಿ ಅಷ್ಟರಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಚಾಪೆ ಎಲ್ಲಿ ಎಂದು ಹುಡುಕುತ್ತಿದ್ದಳು. “ಆಂಟಿ, ವೇರ್ ಶುಡ್ ಐ ಸಿಟ್?” ಎಂದಳು.

“ಕನ್ನಡದಲ್ಲಿ ಕೇಳು” ಎಂದೆ.