ಹಾಡಿಗೆ ಗೊತ್ತಾಗದ ಉಸಿರು

ಮೊನ್ನೆ ಮಳೆಗಾಲ ಮುಗಿಯಿತೆಂದು ಕಪಾಟಿನೊಳಗಿನ ಹಳೆಯ ಚರ್ಮದ ಹ್ಯಾಂಡ್‌ಬ್ಯಾಗ್ ಹೊರಗೆ ತೆಗೆದೆ. ಮಂಗಳೂರಿನಲ್ಲಿ ಚರ್ಮದ ಸಾಮಾನು ಇಟ್ಟುಕೊಂಡವರಿಗೆ ಗೊತ್ತು, ನಾಲ್ಕು ತಿಂಗಳಲ್ಲಿ ಅದಕ್ಕೆ ಬೂದು ಬಣ್ಣದ ಬೂಸ್ಟು ಹಿಡಿದಿರುತ್ತದೆ. ಒರೆಸಿ, ಒಂದಿಷ್ಟು ತೆಂಗಿನೆಣ್ಣೆ ಹಚ್ಚಿ ಬಾಲ್ಕನಿಯ ಬಿಸಿಲಿಗಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಬಿಸಿಯಾದ ಚರ್ಮದ, ಎಣ್ಣೆಯ ವಾಸನೆ ಒಳಗೆ ಬಂತು. ಪಕ್ಕದ ಫ್ಲ್ಯಾಟಿನಲ್ಲಿ ಯಾರೋ ಎಳ್ಳು ಹುರಿಯುತ್ತಿದ್ದರು. ಎರಡೂ ವಾಸನೆ ಸೇರಿದ್ದೇ ತಡ… ನಾನು ಮಂಗಳೂರಿನಲ್ಲಿರಲಿಲ್ಲ.

ಕುವೈತಿನ ರಿಗ್ಗೈಯಲ್ಲಿ ನಮ್ಮದು ಮೂರನೆಯ ಮಹಡಿಯ ಫ್ಲ್ಯಾಟ್. ನನ್ನ ಯಜಮಾನರು ಸುಲೈಬಿಯಾದ ಒಂದು ಗೋಡೌನ್ ನೋಡಿಕೊಳ್ಳುತ್ತಿದ್ದರು. ನಾನು ಮನೆಯಲ್ಲೇ ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದೆ. ಪಿಯಾನೋ ಎನ್ನುವುದು ಬಾಯಿಮಾತಿಗೆ, ಇದ್ದದ್ದು ಒಂದು ಪುಟ್ಟ ಕೀಬೋರ್ಡ್. ರಸ್ತೆ ದಾಟಿದರೆ ಇರಾನಿ ರೊಟ್ಟಿಯಂಗಡಿ. ಅಲ್ಲಿ ಗೋಡೆಯೊಳಗಿನ ಒಲೆಗೆ ಬಗ್ಗಿ, ಎಳ್ಳು ಉದುರಿಸಿದ ರೊಟ್ಟಿಗಳನ್ನು ಕಬ್ಬಿಣದ ಕೊಕ್ಕೆಯಿಂದ ಎಳೆದು ಹಾಕುತ್ತಿದ್ದವರು ಅರವತ್ತು ದಾಟಿದ ಒಬ್ಬ ಮುದುಕ. ಎಲ್ಲರಿಗೂ ಅವರು ಬಾಬಾ. ನಮಗೆ ರೊಟ್ಟಿಯ ಬಾಬಾ.

ಮಧ್ಯಾಹ್ನದ ರೊಟ್ಟಿ ಮುಗಿದು ಒಲೆ ತಣಿಯುವ ಹೊತ್ತಿನಲ್ಲಿ ಅಂಗಡಿಯ ಹಿಂಬದಿಯಿಂದ ಒಂದು ಸದ್ದು ಬರುತ್ತಿತ್ತು. ಮೊದಲ ಸಲ ಕೇಳಿದಾಗ ಯಾವುದೋ ಮಗು ರಚ್ಚೆ ಹಿಡಿದಿದೆ ಎಂದುಕೊಂಡೆ. ಮತ್ತೆ ನೋಡಿದರೆ ಬಾಬಾ ಹಿಟ್ಟಿನ ಮೂಟೆಗಳ ನಡುವೆ ಕೂತು, ಆಡಿನ ಇಡೀ ಚರ್ಮದ ಒಂದು ತಿತ್ತಿಯನ್ನು ಕಂಕುಳಲ್ಲಿ ಅವುಚಿಕೊಂಡು ನುಡಿಸುತ್ತಿದ್ದರು. ಅದಕ್ಕೆ ಅಲ್ಲಿ ಹಬ್ಬಾನ್ ಎನ್ನುತ್ತಾರೆ. ನಾವು ಮಿಲಿಟರಿ ಪರೇಡಿನಲ್ಲಿ ನೋಡಿದ ಬ್ಯಾಗ್‌ಪೈಪಿನದೇ ಜಾತಿ, ಆದರೆ ಹೆಗಲ ಮೇಲೆ ನಿಲ್ಲುವ ಉದ್ದದ ಕೊಳವೆಗಳಿಲ್ಲ. ಜೊಂಡಿನ ಎರಡು ಗಿಡ್ಡ ಕೊಳವೆಗಳನ್ನು ಜೋಡಿಸಿ ಕಟ್ಟಿ, ಎರಡಕ್ಕೂ ಸಾಲಾಗಿ ತೂತು ಕೊರೆದಿರುತ್ತಾರೆ. ಚರ್ಮ ಒಡೆಯದಂತೆ ಬಾಬಾ ವಾರಕ್ಕೊಮ್ಮೆ ಅದಕ್ಕೆ ಎಣ್ಣೆ ತಿಕ್ಕುತ್ತಿದ್ದರು.

ನನಗೆ ಹುಚ್ಚು ಹಿಡಿಯಿತು. ಮಕ್ಕಳು ಶಾಲೆಯಿಂದ ಬರುವ ಮೊದಲು ಒಂದರ್ಧ ಗಂಟೆ, ಸ್ವರ ಬರೆದುಕೊಳ್ಳುವ ಮ್ಯೂಸಿಕ್ ಪುಸ್ತಕ ಹಿಡಿದುಕೊಂಡು ಹೋಗಿ ಕೂರತೊಡಗಿದೆ. ಯಜಮಾನರಿಗೆ ತಮಾಷೆ.

“ಎಂತ ಮಾರಾಯ್ತಿ, ಕಾನ್ವೆಂಟಿನ ಸಿಸ್ಟರ್ ಹತ್ರ ಪಿಯಾನೋ ಕಲಿತವಳು ಈಗ ಆಡಿನ ಚರ್ಮಕ್ಕೆ ಗಾಳಿ ಹಾಕುವವರ ಶಿಷ್ಯೆಯಾ?”

“ನಿಮಗೆ ರೊಟ್ಟಿ ಬಿಸಿ ಬಿಸಿ ಸಿಗ್ತದಲ್ಲ, ಸುಮ್ಮನೆ ತಿನ್ನಿ” ಎನ್ನುತ್ತಿದ್ದೆ.

ಬಾಬಾ ನನ್ನನ್ನು ಖಾನುಮ್, ಅಂದರೆ ಅಮ್ಮಾವ್ರೇ, ಎಂದು ಕರೆಯುತ್ತಿದ್ದರು. ಮಾತು ಅರ್ಧ ಹಿಂದಿ, ಅರ್ಧ ಅರಬ್ಬಿ. ಅದನ್ನು ನಾನಿಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಬೆರಳು ಬಗ್ಗಿಸಿ ಇಡಬೇಕು, ಅಂಗೈಯೊಳಗೆ ಕೋಳಿಮೊಟ್ಟೆ ಇರುವ ಹಾಗೆ, ಎಂದು ಫುಟ್‌ರೂಲರಿನಿಂದ ಗಿಣ್ಣಿಗೆ ಬಡಿಯುತ್ತಿದ್ದರು. ಬಾಬಾನ ಬೆರಳುಗಳು ಹಲಗೆಯಂತೆ ನೇರ. ಒಂದೇ ಬೆರಳು ಎರಡು ಕೊಳವೆಯ ತೂತುಗಳನ್ನು ಒಟ್ಟಿಗೆ ಮುಚ್ಚಬೇಕಲ್ಲ! ಎರಡು ಕೊಳವೆಗಳ ಶ್ರುತಿ ಕೂದಲೆಳೆಯಷ್ಟು ಬೇರೆ ಇತ್ತು. ನಾನು ದೊಡ್ಡ ಪಂಡಿತೆಯ ಹಾಗೆ, “ಬಾಬಾ, ಔಟ್ ಆಫ್ ಟ್ಯೂನ್” ಎಂದೆ. ಅವರು ನಕ್ಕುಬಿಟ್ಟರು.

“ಗಂಡ ಹೆಂಡತಿ ಎಲ್ಲದಕ್ಕೂ ಹೂಂ ಹೂಂ ಅಂದ್ರೆ ಆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಅಂತ ಅರ್ಥ, ಖಾನುಮ್. ಇವೂ ಹಾಗೆ. ಸ್ವಲ್ಪ ಜಗಳ ಬೇಕು.”

ನಾನು ಬರೆದುಕೊಂಡ ಮೊದಲ ಟ್ಯೂನನ್ನು ಹಾಡಿ ತೋರಿಸಿದಾಗ ಅವರ ಮುಖ ಗಂಟಿಕ್ಕಿತು. ಅವರು ಊದುಗೊಳವೆಯಿಂದ ಬಾಯಿ ತೆಗೆದು ಉಸಿರೆಳೆದುಕೊಂಡ ಜಾಗಗಳಲ್ಲೆಲ್ಲ ನಾನು ಚೊಕ್ಕವಾಗಿ ರೆಸ್ಟ್ ಹಾಕಿದ್ದೆ. ಕಾನ್ವೆಂಟಿನ ಪಾಠ, ಉಸಿರು ಎಲ್ಲಿಯೋ ವಿರಾಮ ಅಲ್ಲಿ. ಅವರು ತಮ್ಮ ಮೊಣಕೈ ತೋರಿಸಿದರು. ಬಾಯಿ ಉಸಿರೆಳೆದುಕೊಳ್ಳುವಾಗ ತೋಳು ತಿತ್ತಿಯನ್ನು ಒತ್ತುತ್ತದೆ, ಗಾಳಿ ನಿಲ್ಲುವುದೇ ಇಲ್ಲ.

“ನಾನು ಉಸಿರು ತಗೊಂಡದ್ದು ಹಾಡಿಗೆ ಗೊತ್ತಾಗಬಾರದು” ಎಂದರು.

ಇಡೀ ಟ್ಯೂನಿನಲ್ಲಿ ಒಂದು ಮೌನವೂ ಇಲ್ಲದ ಸಂಗೀತ! ಒಂದೇ ಸ್ವರ ಎರಡು ಸಲ ಬೇಕೆಂದರೆ ಏನು ಮಾಡುತ್ತಾರೆ ಎಂದು ನನಗೆ ಆಗ ಕೇಳಬೇಕೆನಿಸಲಿಲ್ಲ. ನಡುನಡುವೆ ಸಣ್ಣದೊಂದು ಚಿಟಕ್ ಎನ್ನುವ ಕೀರಲು ಬರುತ್ತಿತ್ತು. ಹಳೆಯ ಚರ್ಮ, ಎಲ್ಲೋ ಗಾಳಿ ಸೋರುತ್ತಿದೆ ಎಂದುಕೊಂಡಿದ್ದೆ…

ತೊಂಬತ್ತರ ಜುಲೈಯಲ್ಲಿ ಅವರು ಒಂದು ಕೆಲಸ ಕೇಳಿದರು. ಇರಾನಿನ ಕಡಲ ತಡಿಯ ಅವರ ಊರಿನಲ್ಲಿ ಕೊನೆಯ ಮಗಳಿಗೆ ಮದುವೆ ಗೊತ್ತಾಗಿತ್ತು, ಖರ್ಜೂರದ ಕೊಯ್ಲು ಮುಗಿದ ಮೇಲೆ. ಅವರ ಮನೆತನದಲ್ಲಿ ಮದುಮಗಳು ಹೊಸ್ತಿಲು ದಾಟುವಾಗ ಅಪ್ಪನೇ ಒಂದು ಟ್ಯೂನ್ ನುಡಿಸಬೇಕು. ಅದು ಅವರ ಅಜ್ಜ ಕಟ್ಟಿದ್ದು, ಬೇರೆ ಯಾರಿಗೂ ಬರುತ್ತಿರಲಿಲ್ಲ. ದೊಡ್ಡವರಿಬ್ಬರ ಮದುವೆಗೂ ಇವರೇ ಹೋಗಿ ನುಡಿಸಿದ್ದರು. ಈ ಸಲ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ರಜೆ ಕೊಟ್ಟಿರಲಿಲ್ಲ.

“ನಿನ್ನ ಮಷೀನಿನಲ್ಲಿ ಹಿಡಿದುಕೊಡು. ಬರುವ ತಿಂಗಳು ನಮ್ಮೂರ ದೋಣಿಯವನು ಬರ್ತಾನೆ. ನಾನು ಹೋಗದಿದ್ದರೂ ನನ್ನ ಮಗಳು ಇದನ್ನು ಕೇಳಿಯೇ ಮನೆಯಿಂದ ಹೊರಡಬೇಕು.”

ನಮ್ಮ ಟೂ-ಇನ್-ಒನ್ ಹೊತ್ತುಕೊಂಡು ಹೋಗಿ ಹೊಸ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿದೆ. ಆವತ್ತೇ ಅವರ ಕೈಗೆ ಕೊಟ್ಟಿದ್ದರೆ ಮುಗಿದಿತ್ತು. ನನಗೋ ಆಸೆ, ಕಾಪಿ ಮಾಡಿ, ಪುರುಸೊತ್ತಿನಲ್ಲಿ ಕೇಳಿ ಬರೆದುಕೊಳ್ಳಬೇಕೆಂದು. ದೋಣಿ ಬರುವುದಕ್ಕೆ ಇನ್ನೂ ದಿನವಿದೆಯಲ್ಲ, ಆಮೇಲೆ ಕೊಡುತ್ತೇನೆ ಎಂದು ತಂದಿಟ್ಟುಕೊಂಡೆ.

ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಸೈನ್ಯ ಒಳಗೆ ಬಂತು.

ಅದರ ಕಥೆ ಎಲ್ಲರೂ ಹೇಳಿದ್ದಾರೆ, ನಾನು ಹೇಳುವುದಿಲ್ಲ. ಮೂರು ವಾರ ಊರಿಗೆ ಫೋನಿಲ್ಲ, ಪತ್ರವಿಲ್ಲ. ನಾವು ಬದುಕಿದ್ದೇವೋ ಇಲ್ಲವೋ ಎಂದು ಮಂಗಳೂರಿನಲ್ಲಿ ನನ್ನ ಅಮ್ಮ, ಮಾಯ್, ಊಟ ಬಿಟ್ಟಿರುತ್ತಾಳೆ ಎಂದು ನನಗೆ ಗೊತ್ತಿತ್ತು. ಒಂದು ದಿನ ಯಜಮಾನರ ಸ್ನೇಹಿತರೊಬ್ಬರು ಕಾರಿನಲ್ಲಿ ಜೋರ್ಡಾನಿಗೆ ಹೊರಟವರು, ಏನಾದರೂ ಕಳಿಸುವುದಿದ್ದರೆ ಅರ್ಧ ಗಂಟೆಯಲ್ಲಿ ಕೊಡಿ ಎಂದು ಕೆಳಗೆ ನಿಂತು ಹಾರ್ನ್ ಹೊಡೆದರು. ಗಲ್ಫಿನಲ್ಲಿದ್ದ ನಾವೆಲ್ಲ ಆಗ ಮನೆಗೆ ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದೆವು. ಮಾಯ್‌ಗೆ ಕಣ್ಣು ಮಂಜು, ಕಾಗದ ಓದುತ್ತಿರಲಿಲ್ಲ. ನನ್ನ ದನಿ ಕೇಳಿದರೆ ಮಾತ್ರ ನಂಬುತ್ತಿದ್ದಳು. ಮನೆಯಲ್ಲಿ ಖಾಲಿ ಕ್ಯಾಸೆಟ್ ಒಂದೂ ಇರಲಿಲ್ಲ, ಅಂಗಡಿಗಳು ಮುಚ್ಚಿದ್ದವು. ಶೆಲ್ಫಿನಲ್ಲಿ ಇಗರ್ಜಿಯ ಹಾಡಿನ ಕ್ಯಾಸೆಟ್ಟುಗಳು ಆರೇಳು ಇದ್ದವು. ಹಾಡು ಅಳಿಯದಿರಲೆಂದು ಮುರಿದಿರುವ ಅವುಗಳ ತುದಿಗೆ ಗಮ್ ಟೇಪ್ ಅಂಟಿಸಿದರೆ ಅವುಗಳ ಮೇಲೂ ರೆಕಾರ್ಡ್ ಆಗುತ್ತದೆ, ನನಗೆ ಗೊತ್ತಿತ್ತು. ಒಂದನ್ನು ಕೈಗೆತ್ತಿಕೊಂಡೆ ಕೂಡ. ಮೇಲೆ ಮರಿಯಮ್ಮನವರ ಚಿತ್ರ… ಅಳಿಸಲು ಕೈ ಬರಲಿಲ್ಲ.

ಬಾಬಾನ ಕ್ಯಾಸೆಟ್ ತೆಗೆದುಕೊಂಡೆ. ಇನ್ನೂ ಕಾಪಿ ಮಾಡಿರಲಿಲ್ಲ.

ಅದರ ಮೇಲೆಯೇ ಇಪ್ಪತ್ತು ನಿಮಿಷ ಮಾತಾಡಿದೆ. ಅಕ್ಕಿ ಇದೆ, ಮಕ್ಕಳು ಚೆನ್ನಾಗಿದ್ದಾರೆ, ಚಿನ್ನವನ್ನು ಅಕ್ಕಿಯ ಡಬ್ಬದಲ್ಲಿಟ್ಟಿದ್ದೇನೆ ಎಂದೆಲ್ಲ.

ಅದಾದ ವಾರದಲ್ಲಿ ಬಾಬಾ ನನ್ನನ್ನು ರೊಟ್ಟಿಯ ಕ್ಯೂನಿಂದ ಕಣ್ಸನ್ನೆ ಮಾಡಿ ಒಳಗೆ ಕರೆದರು. ಆ ದಿನಗಳಲ್ಲಿ ಕ್ಯೂ ರಸ್ತೆಯ ತಿರುವಿನ ತನಕ ಇರುತ್ತಿತ್ತು. ನಮ್ಮ ಪಾಲಿನ ರೊಟ್ಟಿಯನ್ನು ಅವರು ಬಟ್ಟೆಯಲ್ಲಿ ಸುತ್ತಿ ತೆಗೆದಿಡುತ್ತಿದ್ದರು. ದೋಣಿಯವನು ಬರುವ ಮಾತೇ ಇಲ್ಲ, ಆದರೆ ತಮ್ಮ ಜೊತೆ ಹಿಟ್ಟು ನಾದುವ ಅವರೂರಿನವನೇ ನಾಲ್ಕು ದಿನ ಬಿಟ್ಟು ಬಸ್ರಾ ದಾರಿಯಲ್ಲಿ ಊರಿಗೆ ಹೋಗುತ್ತಾನೆ, ಕ್ಯಾಸೆಟ್ ಕೊಡು ಎಂದರು. ಬಾಬಾ ತಾವೇ ಹೋಗುವಂತಿರಲಿಲ್ಲ. ಒಲೆಯ ಮುಂದೆ ಅವರನ್ನು ಬಿಟ್ಟರೆ ಇನ್ನು ಯಾರೂ ಉಳಿದಿರಲಿಲ್ಲ.

ನಾನು ಹೇಳಿದೆ. ಇಗರ್ಜಿಯ ಕ್ಯಾಸೆಟ್ಟಿನ ಮಾತನ್ನೂ ಹೇಳಿದೆ. ಮುಚ್ಚಿಡಬಹುದಿತ್ತು, ಆದರೆ ಬಾಯಿಗೆ ಬಂದುಬಿಟ್ಟಿತು.

ಬಾಬಾ ಕೊಕ್ಕೆ ಹಿಡಿದು ನಿಂತೇ ಇದ್ದರು. ಒಲೆಯೊಳಗೆ ರೊಟ್ಟಿ ಕಪ್ಪಾಗಿ ಹೊಗೆ ಬಂತು, ಹೊರಗೆ ಯಾರೋ “ಯಲ್ಲಾ, ಬಾಬಾ!” ಎಂದು ಅವಸರಪಡಿಸಿ ಕೂಗಿದರು. ಬಾಬಾನ ಕೈಯಲ್ಲಿ ರೊಟ್ಟಿ ಸುಟ್ಟು ಕರಕಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

“ತಾಯಿಗೆ ಮುಟ್ಟಿತಾ?”

“ಗೊತ್ತಿಲ್ಲ ಬಾಬಾ. ನಾನು ಮಷೀನ್ ತರ್ತೇನೆ, ಕ್ಯಾಸೆಟ್ ಎಲ್ಲಿಂದಾದ್ರೂ ತರ್ತೇನೆ. ಇನ್ನೊಂದು ಸಲ, ಮೆಲ್ಲಗೆ…”

“ಮೆಲ್ಲಗೆ!” ಅವರು ಕೊಕ್ಕೆಯಿಂದ ರಸ್ತೆಯ ವೃತ್ತದ ಕಡೆ ತೋರಿಸಿದರು. ಅಲ್ಲಿ ಸೈನಿಕರ ಚೆಕ್‌ಪೋಸ್ಟ್ ಇತ್ತು. “ಇದಕ್ಕೆ ಮೆಲ್ಲಗೆ ಅನ್ನುವುದು ಗೊತ್ತಿಲ್ಲ, ಖಾನುಮ್. ತಿತ್ತಿ ತುಂಬಿದರೆ ಇಡೀ ರಿಗ್ಗೈಗೆ ಕೇಳ್ತದೆ, ಇಲ್ಲದಿದ್ದರೆ ಏನೂ ಇಲ್ಲ. ಮದುವೆ ಎಲ್ಲಿ ಅಂತ ಅವರೂ ಬರ್ತಾರೆ.”

ನಾನು ಅಳುತ್ತಿದ್ದೆ. ಅವರು ಹಿಟ್ಟಿನ ತಟ್ಟೆಯನ್ನು ನನ್ನಿಂದ ದೂರ ಸರಿಸಿದರು. “ಇಲ್ಲಿ ಅಳಬೇಡ, ಉಪ್ಪು ಹಾಕಿ ಆಗಿದೆ. ನಾಳೆ ಮಧ್ಯಾಹ್ನ ನಿನ್ನ ಆ ಇರುವೆ ಸಾಲಿನ ಪುಸ್ತಕ ತಾ. ನಮ್ಮೂರ ಬಂದರಿನಲ್ಲಿ ಬ್ಯಾಂಡ್ ಮಾಸ್ಟರ್ ಒಬ್ಬ ಇದ್ದಾನೆ, ಅವನು ಇರುವೆ ಓದ್ತಾನೆ.”

ಮೂರು ಮಧ್ಯಾಹ್ನ ಹೋದೆ. ಬಾಬಾ ತಿತ್ತಿಯಿಂದ ಕೊಳವೆ ಬಿಚ್ಚಿ ತೆಗೆದು, ಗಾಳಿಯೇ ಇಲ್ಲದೆ, ಬರೀ ಬೆರಳಿನಿಂದ ನುಡಿಸಿದರು. ಸದ್ದಿಲ್ಲ. ಕಿವಿಗೆ ಕೆಲಸವಿಲ್ಲದಾಗ ಕಣ್ಣು ಕೆಲಸ ಮಾಡಿತು. ಒಂದೇ ಸ್ವರ ಎರಡನೆಯ ಸಲ ಬರುವ ಮೊದಲು ಅವರ ಉಂಗುರದ ಬೆರಳು ಒಂದು ತೂತಿನ ಮೇಲೆ ಬಡಿದು ಹಾರುತ್ತಿತ್ತು. ಬಡಿತ ಎಷ್ಟು ಚುರುಕೆಂದರೆ ಇರುವೆ ಕಚ್ಚಿದ ಕೈ ಕೊಡವಿದ ಹಾಗೆ. ಗಾಳಿಯನ್ನು ನಿಲ್ಲಿಸಲಾಗದ ವಾದ್ಯದಲ್ಲಿ ಸ್ವರಗಳನ್ನು ಬಿಡಿಸುವುದು ಆ ಬೆರಳೇ. ನಾನು ಸೋರುವ ಚರ್ಮ ಎಂದುಕೊಂಡದ್ದು ಅದನ್ನೇ! ಹಿಂದೆ ಬರೆದದ್ದೆಲ್ಲ ಮೂಳೆ ತೆಗೆದ ಮೀನಿನ ಹಾಗೆ ಪುಸ್ತಕದಲ್ಲಿ ಬಿದ್ದಿತ್ತು. ಎರಡನೆಯ ಸಲ ಬರುವ ಪ್ರತಿ ಸ್ವರಕ್ಕೂ ಮೊದಲು ಆ ಬಡಿತದಷ್ಟೇ ಪುಟ್ಟ ಗ್ರೇಸ್ ನೋಟ್ ಬರೆದೆ, ಎಲ್ಲಿಯೂ ರೆಸ್ಟ್ ಹಾಕಲಿಲ್ಲ.

ಮೂರನೆಯ ದಿನ, ಸರಿಯಿದೆಯೇ ಎಂದು ನೋಡಲು, ಬರೆದದ್ದನ್ನು ನಾನು ಮೂಗಿನಲ್ಲೇ ಗುನುಗಬೇಕಾಯಿತು. ಎರಡನೆಯ ಸಾಲಿನ ಮಧ್ಯದಲ್ಲಿ ನನ್ನ ಉಸಿರು ಮುಗಿಯಿತು. ನಾನು ನಿಲ್ಲಿಸುವಷ್ಟರಲ್ಲಿ ಬಾಬಾ ಅದೇ ಸ್ವರವನ್ನು ಗಂಟಲಿನಲ್ಲಿ ಹಿಡಿದುಕೊಂಡರು. ನಾನು ಉಸಿರೆಳೆದುಕೊಂಡು ಸೇರಿಕೊಂಡೆ. ಅವರು ಬಿಟ್ಟರು. ಮತ್ತೆ ನನಗೆ ಉಸಿರು ಸಾಲದಾದಲ್ಲಿ ಅವರು. ಹಾಗೆ ಇಬ್ಬರೂ ಸೇರಿ, ಚೆಕ್‌ಪೋಸ್ಟಿಗೆ ಕೇಳಿಸದಷ್ಟು ಸಣ್ಣಗೆ, ಇಡೀ ಟ್ಯೂನನ್ನು ಒಂದು ಕಡೆಯೂ ತುಂಡಾಗದ ಹಾಗೆ ಮುಗಿಸಿದೆವು. ಅವರ ಕಣ್ಣು ಮುಚ್ಚಿತ್ತು. ಯಾವ ಹೊಸ್ತಿಲು ನೋಡುತ್ತಿದ್ದರೋ.

“ಈಗ ಅವಳು ಹೊರಟಳು” ಎಂದರು.

ಆ ಹಾಳೆಯನ್ನು ಮಡಿಸಿ, ಹಿಟ್ಟು ನಾದುವವನು ತನ್ನ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಹೋದ. ಸೆಪ್ಟೆಂಬರ್ ಕೊನೆಗೆ ನಮಗೂ ಜೋರ್ಡಾನಿನ ಅಮ್ಮಾನಿಗೆ ಬಸ್ ಸಿಕ್ಕಿತು. ಹೊರಡುವ ದಿನ ಬಾಬಾ ದಾರಿಗೆಂದು ಹನ್ನೆರಡು ರೊಟ್ಟಿ ಕಟ್ಟಿಕೊಟ್ಟರು. ನಾನು ಕೈಮುಗಿದೆ. ಅವರು ಹಿಟ್ಟಿನ ಕೈಯನ್ನು ಎದೆಯ ಮೇಲಿಟ್ಟುಕೊಂಡರು.

ಊರಿಗೆ ಬಂದಾಗ ಮಾಯ್‌ಗೆ ಕ್ಯಾಸೆಟ್ ಮುಟ್ಟಿತ್ತು. ಅದನ್ನು ಅಕ್ಕಪಕ್ಕದ ವಾಡೆಯವರಿಗೆಲ್ಲ ಕೇಳಿಸಿ, ನಾವು ಕ್ಷೇಮವಾಗಿ ಬರುತ್ತೇವೆಂದು ತಿಳಿದ ಮೇಲೆ, ಅದರ ಮೇಲೆಯೇ ಇಗರ್ಜಿಯ ನೊವೆನಾ ಪ್ರಾರ್ಥನೆ ರೆಕಾರ್ಡ್ ಮಾಡಿಸಿಕೊಂಡಿದ್ದಳು. “ಕ್ಯಾಸೆಟ್ ಒಳ್ಳೇದಿತ್ತು ಮಗಾ, ಯಾಕೆ ವೇಸ್ಟ್?” ಎಂದಳು.

ತೊಂಬತ್ತೊಂದರ ಕೊನೆಗೆ ಮತ್ತೆ ಕುವೈತಿಗೆ ಹೋದೆವು. ರಸ್ತೆ ದಾಟಿ ಮೊದಲು ಹೋದದ್ದು ರೊಟ್ಟಿಯಂಗಡಿಗೆ. ಒಲೆಯ ಮುಂದೆ ಬೇರೆ ಯಾರೋ ಇದ್ದರು, ಅವರಿಗೆ ಯಾವ ಬಾಬಾನೂ ಗೊತ್ತಿರಲಿಲ್ಲ. ರುಮೈಥಿಯಾದಲ್ಲಿ ಅವರೂರಿನ ಒಬ್ಬರು ರೊಟ್ಟಿ ಸುಡುತ್ತಾರೆಂದು ಕೇಳಿ ಯಜಮಾನರು ನನ್ನನ್ನು ಅಲ್ಲಿಗೂ ಕರೆದುಕೊಂಡು ಹೋದರು. ತಮಾಷೆ ಮಾಡಲಿಲ್ಲ. ಆ ಅಂಗಡಿ ತೆರೆದೇ ಇರಲಿಲ್ಲ.

ಹಾಳೆ ಮುಟ್ಟಿತೋ? ಬ್ಯಾಂಡ್ ಮಾಸ್ಟರ್ ಆ ಗ್ರೇಸ್ ನೋಟುಗಳನ್ನು ಓದಿದನೋ, ಅಲಂಕಾರ ಎಂದು ಬಿಟ್ಟನೋ? ಆ ಹುಡುಗಿ ಅಪ್ಪನ ಟ್ಯೂನ್ ಕೇಳಿ ಹೊರಟಳೋ, ನೆರೆದವರ ಬರೀ ಚಪ್ಪಾಳೆಗೋ…

ಬ್ಯಾಗು ಒಣಗಿದ ದಿನ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಕೇಳಿ ಮುಗಿಯುವ ಮೊದಲೇ ಫೋನ್ ತೆಗೆದಳು. “ಗ್ರ್ಯಾನಿ, ದಟ್ಸ್ ಈಸಿ. ಐ ವಿಲ್ ಫೈಂಡ್ ಹರ್. ಜಸ್ಟ್ ಗಿವ್ ಮಿ ಅ ನೇಮ್.”

ನಾನು ಬಾಯಿ ತೆರೆದೆ. ಮೂರು ಮಧ್ಯಾಹ್ನ ಆ ಹುಡುಗಿಯ ಮದುವೆಯ ಟ್ಯೂನನ್ನು ಬೆರಳು ಬೆರಳಾಗಿ ಬರೆದೆ. ಹಾಳೆಯ ತಲೆಯ ಮೇಲೆ ನನ್ನ ಚಂದದ ಕಾನ್ವೆಂಟ್ ಅಕ್ಷರದಲ್ಲಿ ‘ಫಾರ್ ದಿ ಬ್ರೈಡ್’ ಎಂದಷ್ಟೇ ಬರೆದಿದ್ದೆ. ಅವಳ ಹೆಸರೇನೆಂದು ಕೇಳಿರಲಿಲ್ಲ. ಅವಳಪ್ಪನ ಹೆಸರನ್ನೂ ಕೇಳಿರಲಿಲ್ಲ.

ಮೊಮ್ಮಗಳು ಫೋನ್ ಹಿಡಿದುಕೊಂಡು ಕಾಯುತ್ತಿದ್ದಳು.

“ಬಾಬಾ ಅಂತ ಕರೆಯುತ್ತಿದ್ದೆವು” ಎಂದೆ.