ಎಡಗಡೆಯ ಮಡ್‌ಗಾರ್ಡು

ರೇಡಿಯೋ ಮಾವನ ಕೈ ಅಂದರೆ ಸುಮ್ಮನೆ ಅಲ್ಲ. ಮೂವತ್ತೆಂಟು ವರ್ಷ ಊರಿನ ಮೂಕ ರೇಡಿಯೋಗಳಿಗೆಲ್ಲ ಮಾತು ಬರಿಸಿದ ಕೈ ಅದು. ಈಗ ರೇಡಿಯೋ ಕೇಳುವವರೇ ಇಲ್ಲ, ರಿಪೇರಿಗೆ ತರುವವರು ಎಲ್ಲಿಂದ ಬರಬೇಕು? ಮಾವ ಅಂಗಡಿ ಮುಚ್ಚಿ, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನನ್ನು ಮನೆಯ ಕಿಟಕಿ ಪಕ್ಕದ ಮೇಜಿಗೆ ತಂದಿಟ್ಟುಕೊಂಡು ಕೂತಿದ್ದ.

ಎದುರುಮನೆಯ ನಿವೃತ್ತ ಸ್ಟೇಷನ್ ಮಾಸ್ಟರು ಮಹಡಿಯ ಕೋಣೆ ತುಂಬ ಆಟಿಕೆ ರೈಲು ಹಾಸಿದ್ದರು. ಆಟಿಕೆ ಅಂದರೆ ಮಾತ್ರ ಅವರಿಗೆ ಸಿಟ್ಟು, ಮಾಡೆಲ್ ಅನ್ನಬೇಕು! ಹಳಿ, ಸಿಗ್ನಲ್ಲು, ಪ್ಲಾಟ್‌ಫಾರ್ಮು ಎಲ್ಲ ಇದ್ದವು, ಸ್ಟೇಷನ್ ಮುಂದಿನ ರಸ್ತೆ ಮಾತ್ರ ಬಣಗುಡುತ್ತಿತ್ತು. ಒಂದು ದಿನ ಮಾವನ ಮುಂದೆ ಪುಟ್ಟ ಡಬ್ಬಿ ಇಟ್ಟರು. ಒಳಗೆ ವೈಟ್ ಮೆಟಲ್ ಎಂಬ ಮೆತ್ತನೆ ಲೋಹದಲ್ಲಿ ಎರಕ ಹೊಯ್ದ ಹದಿನಾಲ್ಕು ಚೂರು. ಕೂಡಿಸಿದರೆ ಹೆಬ್ಬೆರಳುದ್ದದ ಹಳೇ ಕಾರು.

"ಇದು ಚೆನ್ನಾಗಿ ಬಂದ್ರೆ ಇನ್ನೂ ಹನ್ನೊಂದಿವೆ, ಅಷ್ಟೂ ನಿಮಗೇ. ಬರ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಬೇರೆ ಯಾರಿಗಾದ್ರೂ ಕೊಡ್ತೀನಿ. ನಿಮ್ಮ ಕೈ ಈಗ ಸ್ವಲ್ಪ ನಡುಗುತ್ತೆ ನೋಡಿ. ಹಾಂ, ಅಂಟಲ್ಲೇ ಕೂಡಿಸಿ."

"ಅಂಟಾ? ನಾನೇನು ಪೋಸ್ಟರ್ ಹಚ್ಚೋನಾ?"

ಕೈ ನಡುಗುತ್ತೆ ಎಂಬ ಮಾತು ಮಾವನಿಗೆ ಚುರುಕ್ಕೆಂದಿತ್ತು. ಮರುದಿನ ಬೆಳಿಗ್ಗೆಯೇ ಐರನ್ ಕಾಯಿಸಿದ. ಬೆಸುಗೆಯ ಸೀಸ ಕರಗುವ ಮೊದಲೇ ಈ ಲೋಹ ಕರಗುತ್ತದೆ ಎಂದು ನಮ್ಮ ಪಂಡಿತನಿಗೆ ಹೊಳೆಯಲೇ ಇಲ್ಲ. ಮುಟ್ಟಿಸಿದ್ದೇ ತಡ, ಮುಂದಿನ ಎಡಗಡೆಯ ಮಡ್‌ಗಾರ್ಡು ಬೆಣ್ಣೆಯಂತೆ ಕರಗಿ ಮೇಜಿನ ಮೇಲೆ ಹನಿಯಾಗಿ ಕೂತಿತು.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಎಂದಳು ಹೆಂಡತಿ. "ಹೋಗಿ ಆಗ್ಲಿಲ್ಲ ಅಂತ ಹೇಳಿಬಿಡಿ."

"ಆ ಮಾತು ಈ ಬಾಯಲ್ಲಿ ಬರಲ್ಲ ಕಣೇ."

ಮಂಚದ ಕೆಳಗಿಂದ ಸತ್ತ ರೇಡಿಯೋವೊಂದನ್ನು ಎಳೆದು, ಅದರ ಹಿತ್ತಾಳೆ ತಗಡಿನಲ್ಲಿ ಉಗುರಗಲ ಕತ್ತರಿಸಿದ. ದಪ್ಪ ಮೊಳೆಯ ಮೇಲೆ ಬಗ್ಗಿಸಿ, ಅರದಲ್ಲಿ ಉಜ್ಜಿ, ಬಲಗಡೆಯ ಮಡ್‌ಗಾರ್ಡನ್ನೇ ನೋಡಿ ನೋಡಿ ಎರಡು ದಿನ ತಿದ್ದಿದ. ಮುಗಿದ ಮೇಲೆ ನೋಡಿದರೆ ಅದೂ ಬಲಗಡೆಯದೇ! ಮಾವ ತಲೆಯ ಮೇಲೆ ಕೈ ಹೊತ್ತು ಕೂತ.

ಹೆಂಡತಿ ಬಚ್ಚಲಿನ ಕನ್ನಡಿ ಕಿತ್ತು ತಂದು ಎದುರು ಹಿಡಿದಳು. "ಬಲಗಡೇದನ್ನ ಇದ್ರೊಳಗೆ ನೋಡ್ಕೊಂಡು ಮಾಡಿ. ಎಡಗಡೇದು ಕಾಣುತ್ತೆ."

"ಆಹಾ! ನನ್ನ ಅಂಗಡೀಲಿ ನೀನು ಕೂತಿದ್ರೆ ಇಷ್ಟೊತ್ತಿಗೆ ಎಲ್ಲೋ ಇರ್ತಿದ್ವಿ."

ಇನ್ನೂ ಮೂರು ದಿನ ಹಿಡಿಯಿತು. ನಡುಗುವ ಕೈಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಉಜ್ಜಿದ. ಕೊನೆಗೆ ಎಲ್ಲವನ್ನೂ ಅಂಟಿನಲ್ಲೇ ಕೂಡಿಸಿ ಕಪ್ಪು ಬಣ್ಣ ಬಳಿದ.

ಮಹಡಿ ಹತ್ತಿದಾಗ ಹೆಂಡತಿಯೂ ಜೊತೆಗಿದ್ದಳು. ಮಾವ ಕಾರನ್ನು ಸ್ಟೇಷನ್ ಮುಂದೆ ನಿಲ್ಲಿಸಿ, "ಮುಚ್ಚುಮರೆ ಯಾಕೆ ಸಾರ್, ಮುಂದಿನ ಒಂದು ಮಡ್‌ಗಾರ್ಡು ಕರಗಿಸಿಬಿಟ್ಟೆ. ಬೇರೆ ಮಾಡಿ ಹಾಕಿದೀನಿ," ಎಂದ.

ಮಾಸ್ಟರು ಭೂತಗನ್ನಡಿ ಹಿಡಿದು ಬಗ್ಗಿದರು. "ಗೊತ್ತಾಗುತ್ತೆ ಬಿಡಿ. ಬಲಗಡೇದು. ಅಂಚು ದಪ್ಪ ಆಗಿಬಿಟ್ಟಿದೆ. ಈ ಎಡಗಡೇದು ನೋಡಿ, ಎಷ್ಟು ತೆಳು! ಕಂಪನಿ ಮಾಲು ಅಂದ್ರೆ ಇದು."

ಹೆಂಡತಿ ಕಿಸಕ್ಕನೆ ನಕ್ಕಳು. ಮಾವ ಹೆಮ್ಮೆಯಿಂದ ಅವಳ ಕಡೆ ಕೈ ತೋರಿಸಿದ.

"ಆ ಕಂಪನಿ ನಮ್ದೇ ಸಾರ್. ನಾನು, ಇವಳು."

ಮಾಸ್ಟರು ಇನ್ನೊಮ್ಮೆ ಬಗ್ಗಿ ನೋಡಿದರು. ಆಮೇಲೆ ಕಪಾಟು ತೆಗೆದು, ಹನ್ನೊಂದು ಡಬ್ಬಿಗಳನ್ನೂ ತಂದು ಮಾವನ ಕೈಗೆ ಹೇರಿದರು.

"ಹಾಗಿದ್ರೆ ಆ ಬಲಗಡೇದನ್ನೂ ಕರಗಿಸಿಬಿಡಿ."