ಗೊಬ್ಬರದ ಗುಂಡಿಯ ಸೋರೆ

ಅಜ್ಜಂಪುರದ ನಮ್ಮ ಮನೆಯ ಹಿತ್ತಿಲಲ್ಲಿ ಗೊಬ್ಬರದ ಗುಂಡಿ ಇದೆ. ಸಗಣಿ, ಬೂದಿ, ಅಡುಗೆಮನೆಯ ಸಿಪ್ಪೆ ಎಲ್ಲ ಅದಕ್ಕೇ ಬೀಳುತ್ತವೆ. ಕಳೆದ ವರ್ಷ ಮುಂಗಾರು ಹಿಡಿದ ಮೇಲೆ ಅದರ ಮೇಲೆ ಬಳ್ಳಿಗಳು ಎದ್ದವು. ಯಾರೂ ಬಿತ್ತಿರಲಿಲ್ಲ. ಹೂವು ಬಿಟ್ಟಾಗ ಗೊತ್ತಾಯಿತು: ಹಳದಿಯದು ಸಿಹಿಗುಂಬಳ, ಬಿಳಿಯದು ಸೋರೆ. ಎರಡೂ ಹೆಣೆದುಕೊಂಡು ಬೇಲಿ ಹತ್ತಿದವು. ಅಣ್ಣ ಕಿತ್ತುಹಾಕಲು ಹೋದಾಗ ಅವ್ವ ತಡೆದಳು.

"ತಾನಾಗೇ ಬಂದಿರೋದು ಕಣೋ. ಇರ್ಲಿ ಬಿಡು, ಹಿರಿಯರ ಹಬ್ಬಕ್ಕೆ ಆಯ್ತದೆ."

ತೀರಿಹೋದವರಿಗೆ ಮಹಾಲಯ ಅಮಾವಾಸ್ಯೆಯಂದು ಎಡೆ ಇಡುತ್ತೇವೆ. ಎಡೆ ಇಡುವ ಮುಂಚೆ ಆ ಅಡುಗೆಯನ್ನು ಯಾರೂ ಬಾಯಿಗೆ ಹಾಕುವಂತಿಲ್ಲ, ಉಪ್ಪು ನೋಡುವುದಕ್ಕೂ ಇಲ್ಲ.

ಆ ಹಬ್ಬದ ದಿನ ನಾನು ಅಡುಗೆಮನೆಯಲ್ಲೇ ಕೂತು ಕಾಯಿ ತುರಿಯುತ್ತಿದ್ದೆ. ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಗುಂಡಿಯ ಸೋರೆ ಹೆಚ್ಚುತ್ತಿದ್ದರು. ಸೋರೆಯಾಗಲಿ ಸೌತೆಯಾಗಲಿ, ತುದಿಯ ಚೂರನ್ನು ನಾಲಿಗೆಗೆ ತಾಗಿಸಿ ಕಹಿ ಇದೆಯೇ ಎಂದು ನೋಡುವುದು ಅವರ ಅಭ್ಯಾಸ. ಅಂದೂ ಕೈ ಬಾಯಿಯ ಹತ್ತಿರ ಹೋಯಿತು. ಬಾಗಿಲಲ್ಲಿದ್ದ ಅವ್ವ ಗದರಿದಳು.

"ಏ, ಏನೇ ಅದು! ಹಿರಿಯರಿಗೆ ಎಂಜಲು ಇಡ್ತೀಯಾ?"

ಅತ್ತಿಗೆ ಚೂರನ್ನು ಕೆಳಗಿಟ್ಟರು. ಆ ಕೈ ಇಳಿದದ್ದು ನನಗೆ ಈಗಲೂ ಕಾಣಿಸುತ್ತದೆ. ಕೆಲಸದ ನಡುವೆ ಕಾಣಿಸುತ್ತದೆ, ಎದ್ದು ಓಡಾಡುತ್ತೇನೆ.

ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಕೂತೆವು. ಮತ್ತೆ ತೆರೆದಾಗ ಎಡೆಯ ಎಲೆ ಅವ್ವನದು; ಅಪ್ಪ ಹೋದ ಮೇಲೆ ಮನೆಗೆ ಅವಳೇ ಹಿರಿಯಳು. ನಾವು ಎಲೆ ಹಾಕಿಕೊಳ್ಳುವಷ್ಟರಲ್ಲಿ ಅವಳು ಸೋರೆ ಪಲ್ಯ ಮುಗಿಸಿದ್ದಳು. ನಾನು ಒಂದು ತುತ್ತು ಬಾಯಿಗಿಟ್ಟು ಉಗಿದೆ. ಹಾಗಲದ ಕಹಿಯಲ್ಲ ಅದು, ನಾಲಿಗೆಯನ್ನು ಹಿಡಿದು ಹಿಂಡಿದ ಹಾಗೆ.

"ಅವ್ವಾ, ಇದನ್ನ ಹೆಂಗ್ ತಿಂದೆ?"

"ಎಡೆ ಎಲೇಲಿ ಬಿಡಬಾರ್ದಲ್ಲಪ್ಪ."

"ಅಪ್ಪ ಅಂತೂ ಈ ವರ್ಷ ಎಡೆ ಬಿಟ್ಟು ಓಡ್ಹೋಗಿರ್ತಾನೆ," ಎಂದ ಅಣ್ಣ. ಅವ್ವನೂ ನಕ್ಕಳು. ಕೈ ತೊಳೆಯಲು ಎದ್ದವಳು ಹಿತ್ತಿಲ ಬಾಗಿಲಲ್ಲೇ ವಾಂತಿ ಮಾಡಿಕೊಂಡಳು. ಮತ್ತೆ ಮತ್ತೆ ಮಾಡಿಕೊಂಡಳು. ಕೊನೆಗೆ ಬಂದದ್ದರಲ್ಲಿ ರಕ್ತವಿತ್ತು.

ಪಕ್ಕದ ಮನೆಯವರ ಕಾರಿನಲ್ಲಿ ತರೀಕೆರೆಗೆ ಹೊರಟೆವು. ಅವ್ವನ ತಲೆ ಅತ್ತಿಗೆಯ ತೊಡೆಯ ಮೇಲಿತ್ತು. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ರೈಲು ಮುಗಿಯಲೇ ಇಲ್ಲ. ನಾನು ಹಿಂದಕ್ಕೆ ತಿರುಗಿ ಅವ್ವನ ಎದೆ ಏರುತ್ತದೆಯೇ ಎಂದು ನೋಡುತ್ತಿದ್ದೆ. ಏರಿದರೆ, ಮುಂದಿನದಕ್ಕೆ ಕಾಯುತ್ತಿದ್ದೆ.

ಸೋರೆ ಎಂದೊಡನೆ ಡಾಕ್ಟರು "ಕಹಿ ಇತ್ತಾ?" ಎಂದು ಕೇಳಿದರು. ಕಹಿ ಸೋರೆ ವಿಷ, ಹೊಟ್ಟೆಯೊಳಗೆ ಗಾಯ ಮಾಡುತ್ತದೆ, ಬಿಪಿ ಬಹಳ ಇಳಿದಿದೆ, ಇದಕ್ಕೆಂದೇ ಬೇರೆ ಔಷಧಿ ಇಲ್ಲ, ಡ್ರಿಪ್ ಹಾಕಿ ಕಾಯಬೇಕು ಎಂದರು. ಉಳಿಯುತ್ತಾರೆ ಎಂದು ಹೇಳಲಿಲ್ಲ. ನನಗೆ ಕೂರಲಾಗಲಿಲ್ಲ. ಅತ್ತಿಗೆ ಗೋಡೆಗೆ ಒರಗಿ ನಿಂತೇ ಇದ್ದರು, ಒಣಗಿದ್ದ ಬೆರಳುಗಳನ್ನು ಸೆರಗಿಗೆ ಒರೆಸುತ್ತ.

ಮರುದಿನ ಬಿಪಿ ಏರಿತು. ಅವ್ವ ಕಣ್ಣು ಬಿಟ್ಟಳು. ಬೀರೂರಿನಿಂದ ಅವಳ ಅಕ್ಕ, ನಮ್ಮ ದೊಡ್ಡವ್ವ, ಬಂದು ಮಂಚದ ಪಕ್ಕ ಕೂತು ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು:

"ಒಂದ್ ಚೂರು ಬಾಯಿಗ್ ಹಾಕಿ ನೋಡಕ್ಕೂ ಬರಲ್ವೇನೇ ನಿನ್ ಸೊಸೆಗೆ?"

ಅತ್ತಿಗೆ ಅವ್ವನ ಹೊದಿಕೆ ಸರಿಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಒಂದೊಂದೇ ಮಾತು ಆಡಿದಳು.

"ಅವ್ಳು ನೋಡಕ್ ಹೋದ್ಲು. ನಾನೇ ಬಿಡ್ಲಿಲ್ಲ."

"ಸುಮ್ನಿರಿ ಅತ್ತೆ, ಮಾತಾಡಿದ್ರೆ ಗಂಟ್ಲು ಉರೀತದೆ."

"ಉರೀಲಿ ಬಿಡೇ," ಎಂದಳು ಅವ್ವ. "ಇನ್ನೊಂದ್ ಸಾರಿ ಹೇಳ್ತೀನಿ. ನಮ್ಮಕ್ಕಂಗೆ ಕಿವಿ ಮಂದ."